ಶಿ ಯಾವುದು, ತ್ಸು ಯಾವುದು: ಒಂದೇ ಥರ ಕಾಣುವ ಜಪಾನಿ ಅಕ್ಷರಗಳನ್ನು ಬಿಡಿಸಿಕೊಳ್ಳುವ ಬಗೆ

ಜಪಾನಿ ಕಲಿಯಲು ಶುರು ಮಾಡಿ ಎರಡು ತಿಂಗಳಾಗಿತ್ತು. ನಿಮ್ಮ ಊರಿನ ಹೆಸರನ್ನು ಕತಕಾನದಲ್ಲಿ ಬರೆದು ತನ್ನಿ ಅಂದಿದ್ದರು ಮೇಡಂ. ಕತಕಾನ ಅಂದರೆ ಜಪಾನಿಯ ಎರಡು ಧ್ವನಿಲಿಪಿಗಳಲ್ಲಿ ಒಂದು, ಇನ್ನೊಂದು ಹಿರಗಾನ, ಎರಡಕ್ಕೂ ಸೇರಿ ಕಾನ ಅನ್ನುತ್ತಾರೆ. ನಮ್ಮದು ಶಿವಮೊಗ್ಗ. ಅವರ ಬರವಣಿಗೆಯಲ್ಲಿ ವ ಜಾಗಕ್ಕೆ ಬ ಹಾಕುವುದು ರೂಢಿ, ಹಾಗಾಗಿ ಶಿಬಮೊಗ್ಗ. ಇನ್ನು ಗ್ಗ ಬರಬೇಕಾದರೆ ಗ ಹಿಂದೆ ಒಂದು ಚಿಕ್ಕ ತ್ಸು ಹಾಕಬೇಕು, ನಮ್ಮ ಒತ್ತಕ್ಷರದ ಕೆಲಸವನ್ನು ಅಲ್ಲಿ ಈ ಚಿಕ್ಕ ತ್ಸು ಮಾಡುತ್ತದೆ. ಎಲ್ಲ ಸರಿಯಾಗಿದೆ ಅಂದುಕೊಂಡು ಹಾಳೆ ಕೊಟ್ಟೆ. ಮೇಡಂ ನೋಡಿದರು, ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದರು, ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದರು: "ತ್ಸುಬಮೊಶಿಗ... ಇದು ಎಲ್ಲಿ ಬರುತ್ತೆ?"

ಶಿ ಇರಬೇಕಾದ ಕಡೆ ತ್ಸು, ತ್ಸು ಇರಬೇಕಾದ ಕಡೆ ಶಿ. ಎರಡೂ ಅದಲುಬದಲು.

ಆಮೇಲೆ ಈ ಹೋಲಿಕೆಗಳ ಹಿಂದೆ ಬಿದ್ದೆ. ಗೊತ್ತಾಗಿದ್ದು ಇಷ್ಟು: ಕಾನ ಅಕ್ಷರಗಳು ಆಕಾರ ನೋಡಿದರೆ ಒಂದೇ ಥರ ಕಾಣುತ್ತವೆ, ಕೈ ಓಡುವ ದಿಕ್ಕು ನೋಡಿದರೆ ಗಲಿಬಿಲಿ ಮುಕ್ಕಾಲು ಪಾಲು ಹೋಗುತ್ತದೆ. ಅದಕ್ಕೇ ಈ ಬರಹದಲ್ಲಿ ನಾನು ಜಪಾನಿ ಅಕ್ಷರಗಳನ್ನು ಬೇಕಂತಲೇ ಹಾಕಿಲ್ಲ. ಹಾಕಿದರೆ ನೀವು ಕಣ್ಣಾಡಿಸಿ ಮುಂದೆ ಹೋಗುತ್ತೀರಿ, ಅಲ್ವಾ? ಪಕ್ಕದಲ್ಲಿ ಒಂದು ಕಾನ ಪಟ್ಟಿ ತೆರೆದಿಟ್ಟುಕೊಳ್ಳಿ, ನಾನು ಹೇಳಿದ ಹಾಗೆ ನೀವೇ ಬರೆಯುತ್ತಾ ಬನ್ನಿ.

ಏನೇನು ಬೇಕು

ಮಕ್ಕಳ ಲೆಕ್ಕದ ಪುಸ್ತಕ, ಚೌಕ ಚೌಕ ಇರುತ್ತದಲ್ಲ, ಅದು. ನಾಲ್ಕು ಚೌಕ ಸೇರಿಸಿ ಒಂದು ಅಕ್ಷರಕ್ಕೆ ಕೊಡಿ. ಆಗ ಮಧ್ಯದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ತಾನಾಗಿಯೇ ಸಿಗುತ್ತದೆ, ಯಾವ ಗೆರೆ ಎಲ್ಲಿ ಶುರು ಅಂತ ಅಳೆಯಲು ಅನುಕೂಲ. ಮೆತ್ತಗಿನ ಪೆನ್ಸಿಲ್ ಇರಲಿ. ಬಾಲ್ ಪೆನ್ ಬೇಡ, ಅದರಲ್ಲಿ ಗೆರೆ ಶುರುವಿನಿಂದ ಕೊನೆವರೆಗೂ ಒಂದೇ ದಪ್ಪ ಬರುತ್ತದೆ. ನಮಗೆ ಬೇಕಾಗಿರುವುದು ದಪ್ಪ ಸಣ್ಣ ಆಗುವ ಗೆರೆ.

ಮೊದಲು, ಯಾಕೆ ಹೀಗೆ ಅಂತ ತಿಳಿದುಕೊಳ್ಳಿ

ಕಥೆ ಚಿಕ್ಕದಾಗಿ ಹೇಳುತ್ತೇನೆ, ಮುಂದೆ ಪ್ರತಿ ಹೆಜ್ಜೆಗೂ ಇದು ಬೇಕು. ಜಪಾನಿಗೆ ಮೊದಲು ಸ್ವಂತ ಲಿಪಿ ಇರಲಿಲ್ಲ. ಚೀನಾದ ಅಕ್ಷರಗಳನ್ನು, ಅಂದರೆ ಕಾಂಜಿಯನ್ನು, ತಂದುಕೊಂಡರು. ಕಾಂಜಿಯ ಅರ್ಥ ಬಿಟ್ಟು ಬರೀ ಧ್ವನಿ ಇಟ್ಟುಕೊಂಡು ತಮ್ಮ ಮಾತು ಬರೆಯುವ ಪದ್ಧತಿ ಬೆಳೆಯಿತು. 8ನೇ ಶತಮಾನದ ಮನ್‌ಯೋಶೂ ಅನ್ನುವ ಕವನ ಸಂಗ್ರಹದಲ್ಲಿ ಇದು ಹೇರಳವಾಗಿ ಸಿಗುತ್ತದೆ, ಹಾಗಾಗಿ ಈ ಪದ್ಧತಿಗೆ ಮನ್‌ಯೋಗಾನ ಅಂತಲೇ ಹೆಸರು. ಆದರೆ ಒಂದು 'ನು' ಅಥವಾ 'ಹೊ' ಬರೆಯಲು ಐದು, ಒಂಬತ್ತು ಗೆರೆ ಎಳೆಯುತ್ತಾ ಕೂರುವವರು ಯಾರು?

ಅಲ್ಲಿಂದ ಎರಡು ಅಡ್ಡದಾರಿ ಹುಟ್ಟಿದವು. ಒಂದು, ಇಡೀ ಕಾಂಜಿಯನ್ನು ಕುಂಚ ಎತ್ತದೆ ಸರಸರ ಬರೆದು ಬರೆದು ಸವೆಸಿದ್ದು. ಅದು ಹಿರಗಾನ. ಇನ್ನೊಂದು, ಕಾಂಜಿಯ ಒಂದು ಮೂಲೆ ಮಾತ್ರ ಕಿತ್ತಿಟ್ಟುಕೊಂಡಿದ್ದು. ಅದು ಕತಕಾನ. 'ಕತ' ಅಂದರೇನೇ ತುಂಡು, ಅರೆಬರೆ ಅಂತ. 9ನೇ ಶತಮಾನದ ಹೊತ್ತಿಗೆ ಬೌದ್ಧ ಭಿಕ್ಷುಗಳು ಚೀನೀ ಭಾಷೆಯ ಗ್ರಂಥ ಓದುವಾಗ ಸಾಲುಗಳ ಮಧ್ಯೆ ಉಚ್ಚಾರಣೆ ಗುರುತು ಹಾಕಿಕೊಳ್ಳುತ್ತಿದ್ದರು. ಜಾಗ ಒಂಚೂರು, ಪಾಠ ಓಡುತ್ತಿರುತ್ತದೆ. ಎರಡು ಮೂರು ಗೆರೆಗಿಂತ ಜಾಸ್ತಿ ಎಳೆಯಲು ಪುರುಸೊತ್ತಿಲ್ಲ.

ಈಗ ಯೋಚನೆ ಮಾಡಿ. ಹತ್ತು ಗೆರೆಯ ಎರಡು ಅಕ್ಷರಗಳಲ್ಲಿ ವ್ಯತ್ಯಾಸ ತೋರಿಸಲು ಜಾಗ ಬೇಕಾದಷ್ಟಿದೆ. ಎರಡೇ ಗೆರೆಗೆ ಇಳಿಸಿದರೆ? ಒಂದು ಅಡ್ಡ, ಒಂದು ಓರೆ, ಮುಗಿಯಿತು. 46 ಅಕ್ಷರಗಳನ್ನು ಇಷ್ಟೇ ಬಂಡವಾಳದಲ್ಲಿ ಮಾಡಿದರೆ ಕೆಲವು ಒಂದರ ಮೇಲೊಂದು ಬಿದ್ದೇ ಬೀಳುತ್ತವೆ. ಅದೂ ಅಲ್ಲದೆ ಇದನ್ನು ಯಾರೂ ಒಂದು ಕಡೆ ಕೂತು ಲೆಕ್ಕ ಹಾಕಿ ಮಾಡಲಿಲ್ಲ. ಒಂದೇ ಧ್ವನಿಗೆ ನಾಲ್ಕಾರು ರೂಪಗಳು ಬಳಕೆಯಲ್ಲಿದ್ದವು. ಧ್ವನಿಗೊಂದೇ ಅಕ್ಷರ ಅಂತ ಶಾಲೆಗಳಿಗೆ ಗೊತ್ತುಮಾಡಿದ್ದು 1900ರಲ್ಲಿ.

ಕನ್ನಡದವರು ಇಲ್ಲಿ ಒಂದು ಅಭ್ಯಾಸ ಬಿಡಬೇಕು. ನಮ್ಮಲ್ಲಿ ಬ-ಭ, ಡ-ಢ, ದ-ಧ ನೋಡಲೂ ಹತ್ತಿರ, ಕೇಳಲೂ ಹತ್ತಿರ. ಹಾಗಾಗಿ ಆಕಾರ ಹೋಲಿದರೆ ಧ್ವನಿಯೂ ಹೋಲುತ್ತದೆ ಅಂತ ನಮ್ಮ ಮನಸ್ಸು ಅರ್ಧ ನಂಬಿರುತ್ತದೆ. ಕಾನದಲ್ಲಿ ಆ ನಂಬಿಕೆ ಕೆಲಸಕ್ಕೆ ಬರುವುದು ಕ ಮೇಲೆ ಎರಡು ಪುಟ್ಟ ಗೀರು ಹಾಕಿದರೆ ಗ ಆಗುವಂಥ ಕಡೆ ಮಾತ್ರ. ಉಳಿದಂತೆ, 'ನೆ'ಗೂ 'ರೆ'ಗೂ ಮುಖ ಒಂದೇ ಥರ ಇದ್ದರೆ ಅದಕ್ಕೂ ಧ್ವನಿಗೂ ಸಂಬಂಧವೇ ಇಲ್ಲ.

ಹೆಜ್ಜೆ 1: ಗೆರೆ ಹೇಗೆ ಮುಗಿಯಿತು ಅಂತ ನೋಡಲು ಕಲಿಯಿರಿ

ಕುಂಚದ ಗೆರೆ ಮೂರು ಥರ ಮುಗಿಯುತ್ತದೆ. ಒತ್ತಿ ನಿಲ್ಲಿಸುವುದು ತೊಮೆ. ಕೊನೆಗೆ ಪಟಕ್ಕನೆ ಚಿಮ್ಮಿಸುವುದು ಹಾನೆ. ನಿಧಾನವಾಗಿ ಸಣ್ಣ ಮಾಡುತ್ತಾ ಎಳೆದು ಬಿಡುವುದು ಹರಾಯ್. ಪುಸ್ತಕದಲ್ಲಿ ಈ ಮೂರನ್ನೂ ಹತ್ತತ್ತು ಸಲ ಬರೆಯಿರಿ. ಹರಾಯ್ ಎಳೆಯುವಾಗ ಪೆನ್ಸಿಲನ್ನು ಒತ್ತಿ ಶುರು ಮಾಡಿ, ಕೊನೆಯಲ್ಲಿ ಹಾಳೆಯಿಂದ ಮೇಲೇಳಿಸಿ. ದಪ್ಪ ಕಡೆ ಶುರು, ಚೂಪು ಕಡೆ ಕೊನೆ. ಇದಿಷ್ಟು ಕಣ್ಣಿಗೆ ಕೂತರೆ ಅಚ್ಚಿನಲ್ಲಿರುವ ಅಕ್ಷರ ನೋಡಿ ಅದು ಯಾವ ದಿಕ್ಕಿಗೆ ಬರೆದದ್ದು ಅಂತ ಹೇಳಬಹುದು.

ಮೊಬೈಲಿನಲ್ಲಿ ಕಾಣುವ ಫಾಂಟ್ ಹೆಚ್ಚಾಗಿ ಗೋಥಿಕ್ ಜಾತಿಯದು, ಎಲ್ಲ ಗೆರೆಗೂ ಒಂದೇ ದಪ್ಪ. ಅಲ್ಲಿ ಈ ಸುಳಿವು ಅಳಿಸಿಹೋಗಿರುತ್ತದೆ. ಮಿಂಚೊ ಫಾಂಟಿನಲ್ಲಿ ದಪ್ಪ ಸಣ್ಣ ಉಳಿದಿರುತ್ತದೆ. ಕಲಿಯುವವರಿಗೆ ಎಲ್ಲಕ್ಕಿಂತ ಒಳ್ಳೆಯದು ಕ್ಯೋಕಾಶೊ, ಅಂದರೆ ಅಲ್ಲಿನ ಶಾಲಾ ಪುಸ್ತಕದ ಫಾಂಟ್, ಅದು ಕೈಬರಹಕ್ಕೆ ಹತ್ತಿರ. ನಿಮ್ಮ ಪಟ್ಟಿಯನ್ನು ಸಾಧ್ಯವಾದರೆ ಈ ಫಾಂಟಿನಲ್ಲೇ ಇಟ್ಟುಕೊಳ್ಳಿ. ಹಿರಗಾನದ ಕಿ, ಸ, ರಿ ಈ ಮೂರು ಫಾಂಟಿನಿಂದ ಫಾಂಟಿಗೆ ವೇಷ ಬದಲಿಸುತ್ತವೆ: ಅಚ್ಚಿನಲ್ಲಿ ಕೂಡಿಕೊಂಡಿರುವ ಗೆರೆಗಳು ಕೈಬರಹದಲ್ಲಿ ಬಿಟ್ಟುಕೊಂಡಿರುತ್ತವೆ. ಅದು ಬೇರೆ ಅಕ್ಷರ ಅಂದುಕೊಂಡು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಹೆಜ್ಜೆ 2: ನಾಲ್ಕು ಕಳ್ಳರು, ಕತಕಾನದ ಶಿ, ತ್ಸು, ಸೊ, ನ್

ಇಲ್ಲಿ ನಿಧಾನ ಮಾಡಿ. ಕಲಿಯುವವರು ಅತಿ ಹೆಚ್ಚು ಎಡವುವ ಜಾಗ ಇದು.

ಮೊದಲು ಹಿರಗಾನದ ಶಿ ಬರೆಯಿರಿ. ಅದು ಮೀನಿನ ಗಾಳದ ಥರ: ಮೇಲಿಂದ ನೇರ ಕೆಳಗಿಳಿದು, ತಳದಲ್ಲಿ ತಿರುಗಿ, ಬಲಕ್ಕೆ ಮೇಲೇಳುತ್ತದೆ. ಈಗ ಅದೇ ದಾರಿಯಲ್ಲಿ ಕತಕಾನದ ಶಿ ಬರೆಯಿರಿ. ಎಡಗಡೆ ಒಂದರ ಕೆಳಗೊಂದು ಎರಡು ಪುಟ್ಟ ಗೆರೆ, ಆಮೇಲೆ ಅವುಗಳ ಕೆಳಗಿನಿಂದ ಶುರು ಮಾಡಿ ಬಲಕ್ಕೆ ಮೇಲೆ ಎಳೆಯುವ ಉದ್ದ ಗೆರೆ. ಗಾಳವನ್ನು ಮೂರು ತುಂಡು ಮಾಡಿದ ಹಾಗೆ.

ಈಗ ಹಿರಗಾನದ ತ್ಸು. ಎಡದಿಂದ ಬಲಕ್ಕೆ ಅಡ್ಡ ಹೋಗಿ, ಬಲತುದಿಯಲ್ಲಿ ಬಾಗಿ, ಕೆಳಗೆ ಎಡಕ್ಕೆ ಇಳಿಯುತ್ತದೆ. ಕತಕಾನದ ತ್ಸು ಅದೇ ದಾರಿ ಹಿಡಿಯುತ್ತದೆ: ಮೇಲ್ಗಡೆ ಅಕ್ಕಪಕ್ಕ ಎರಡು ಪುಟ್ಟ ಗೆರೆ, ಆಮೇಲೆ ಬಲಮೂಲೆಯಿಂದ ಕೆಳಗೆ ಎಡಕ್ಕೆ ಉದ್ದ ಗೆರೆ. ಚೌಕದಲ್ಲಿ ಪರೀಕ್ಷೆ ಮಾಡಿ ನೋಡಿ. ಶಿ ಬರೆದಾಗ ಮೂರೂ ಗೆರೆಯ ಶುರು ಎಡಗೋಡೆಗೆ ಸಾಲಾಗಿ ಅಂಟಿರಬೇಕು. ತ್ಸು ಬರೆದಾಗ ಮೂರೂ ಗೆರೆಯ ಶುರು ಮೇಲಿನ ಸೂರಿಗೆ ನೇತುಬಿದ್ದಿರಬೇಕು. ಗೋಡೆಗೆ ಒರಗಿದ್ದು ಶಿ, ಸೂರಿಗೆ ನೇತಾಡುವುದು ತ್ಸು. ನನಗೆ ಕೊನೆಗೂ ನೆನಪಲ್ಲಿ ನಿಂತಿದ್ದು ಇದೇ.

ಇದು ಬರೀ ನೆನಪಿಡುವ ಉಪಾಯ ಅಂದುಕೊಳ್ಳಬೇಡಿ. ಹಿರಗಾನದ ಶಿ, ಕತಕಾನದ ಶಿ ಎರಡೂ ಒಂದೇ ಕಾಂಜಿಯ ಮಕ್ಕಳು. ತ್ಸು ಜೋಡಿಗೂ ಸಾಮಾನ್ಯವಾಗಿ ನದಿ ಅನ್ನುವ ಅರ್ಥದ ಕಾಂಜಿಯನ್ನೇ ತಾಯಿ ಅಂತ ಹೇಳುತ್ತಾರೆ, ಅಕ್ಕಪಕ್ಕ ಇಳಿಯುವ ಮೂರು ಗೆರೆಯ ಕಾಂಜಿ ಅದು. ಮೂರೂ ಮೇಲಿಂದ ಇಳಿಯುತ್ತವೆ, ತ್ಸು ಕೂಡ ಹಾಗೇ ಇಳಿಯುತ್ತದೆ.

ಇನ್ನು ಸೊ ಮತ್ತು ನ್. ಇವುಗಳಲ್ಲಿ ಪುಟ್ಟ ಗೆರೆ ಒಂದೊಂದೇ. ಸೊ ತ್ಸುವಿನ ಕಡೆಯವನು: ಪುಟ್ಟ ಗೆರೆ ಹೆಚ್ಚುಕಡಿಮೆ ನಿಂತಿರುತ್ತದೆ, ಉದ್ದ ಗೆರೆ ಮೇಲಿಂದ ಇಳಿಯುತ್ತದೆ. ನ್ ಶಿಯ ಕಡೆಯವನು: ಪುಟ್ಟ ಗೆರೆ ಮಲಗಿರುತ್ತದೆ, ಉದ್ದ ಗೆರೆ ಕೆಳಗಿನಿಂದ ಏರುತ್ತದೆ. ಇಲ್ಲೂ ಹಿರಗಾನ ಸಹಾಯಕ್ಕೆ ಬರುತ್ತದೆ, ಹಿರಗಾನದ ನ್ ಕೊನೆಯಲ್ಲಿ ಮೇಲಕ್ಕೇ ಏಳುತ್ತದಲ್ಲ. ಪುಟ್ಟ ಗೆರೆ ತೆಗೆದು ಉದ್ದ ಗೆರೆ ಮಾತ್ರ ಮೇಲಿಂದ ಎಡಕ್ಕೆ ಇಳಿಸಿದರೆ ಅದು ನೊ.

ಈಗ ಮೂರು ಪದ ಬರೆಯಿರಿ. ಶಾತ್ಸು ಅಂದರೆ ಶರ್ಟು. ಶೀತ್ಸು ಅಂದರೆ ಹಾಸಿಗೆ ಮೇಲೆ ಹಾಸುವ ಬೆಡ್‌ಶೀಟು. ಪಸೊಕೊನ್ ಅಂದರೆ ಕಂಪ್ಯೂಟರು. ಮೊದಲ ಎರಡರಲ್ಲಿ ಶಿ ತ್ಸು ಒಟ್ಟಿಗಿವೆ, ಮೂರನೆಯದರಲ್ಲಿ ಸೊ ನ್ ಒಟ್ಟಿಗಿವೆ. ಒಂದೇ ಪದದಲ್ಲಿ ಇಬ್ಬರನ್ನೂ ಕೂರಿಸಿದರೆ ಕೈ ತಪ್ಪಿಸಿಕೊಳ್ಳಲು ಆಗಲ್ಲ. ದಿನಕ್ಕೆ ಹತ್ತು ಸಲ, ಒಂದು ವಾರ. ಬೇರೆ ಬೇರೆ ಪುಟದಲ್ಲಿ ನೂರು ಸಲ ಶಿ, ನೂರು ಸಲ ತ್ಸು ಬರೆಯುವುದು ಸುಮ್ನೆ ಹಾಳೆ ದಂಡ.

ಅಂದಹಾಗೆ, ಭುಜ ಕುಣಿಸಿ 'ನನಗೇನು ಗೊತ್ತು' ಅನ್ನುವ ಚಿಹ್ನೆಗಳ ಗೊಂಬೆಯನ್ನು ನೀವು ಚಾಟ್‌ನಲ್ಲಿ ನೋಡಿರುತ್ತೀರಿ. ಅದರ ನಗುಮುಖ ನಮ್ಮ ಇದೇ ತ್ಸು.

ಹೆಜ್ಜೆ 3: ನಿಜವಾದ ನೆಂಟರು, ಹಿರಗಾನದ ಮೆ, ನು, ಅ

ಹಿರಗಾನದಲ್ಲಿ ಮೆ ಮತ್ತು ನು ನಡುವೆ ಇರುವ ವ್ಯತ್ಯಾಸ ಬಾಲದ ಒಂದು ಪುಟ್ಟ ಸುರುಳಿ ಅಷ್ಟೇ. ಇದು ಆಕಸ್ಮಿಕ ಅಲ್ಲ. ಮೆ ಹುಟ್ಟಿದ್ದು ಹೆಣ್ಣು ಅನ್ನುವ ಕಾಂಜಿಯಿಂದ. ನು ಹುಟ್ಟಿದ್ದು ಆಳು, ಸೇವಕ ಅನ್ನುವ ಅರ್ಥದ ಕಾಂಜಿಯಿಂದ, ಆ ಕಾಂಜಿಯ ಎಡ ಅರ್ಧದಲ್ಲಿ ಕೂತಿರುವುದು ಅದೇ ಹೆಣ್ಣು. ಬಲ ಅರ್ಧದಲ್ಲಿದ್ದ ಇನ್ನೊಂದು ತುಂಡು ಸವೆದು ಸವೆದು ಆ ಸುರುಳಿಯಾಯಿತು. ಅಂದರೆ ನು ಅನ್ನುವುದು ಮೆ ಜೊತೆಗೆ ಒಂದು ಬಾಲ.

ಅ ಕೂಡ ಇದೇ ಮನೆತನ. ಅದರ ಮೂಲ ಕಾಂಜಿಯಲ್ಲಿ ಮೇಲೆ ಮನೆಯ ಮಾಡು, ಕೆಳಗೆ ಹೆಣ್ಣು, ಅರ್ಥ ನೆಮ್ಮದಿ. ಅ ಬರೆದು ಮೇಲಿನ ಅಡ್ಡಗೆರೆಯನ್ನು ಬೆರಳಿನಿಂದ ಮುಚ್ಚಿ ನೋಡಿ, ಕೆಳಗೆ ಮೆ ಇಣುಕುತ್ತದೆ. ಅ ಜೊತೆ ಗಲಿಬಿಲಿ ಆಗುವ ಒ ಮಾತ್ರ ಹೊರಗಿನವನು, ಬೇರೆ ಕಾಂಜಿ. ಅವನ ಗುರುತು ಬಲಮೇಲೆ ಬೇರೆಯಾಗಿ ನಿಂತ ಒಂದು ಚುಕ್ಕೆ.

ಬರೆಯುವ ಪದಗಳು: ಅಮೆ (ಮಳೆ), ಇನು (ನಾಯಿ), ಮಾಮೆ (ಕಾಳು), ನುನೊ (ಬಟ್ಟೆ).

ಹೆಜ್ಜೆ 4: ನೆ, ರೆ, ವ. ಆಮೇಲೆ ರು, ರೊ

ಹಿರಗಾನದಲ್ಲಿ ಈ ಮೂವರ ಎಡಭಾಗ ಒಂದೇ: ನೇರ ನಿಂತ ಒಂದು ಕಂಬ, ಅದಕ್ಕೆ ಅಂಕುಡೊಂಕಾಗಿ ಸುತ್ತಿದ ಗೆರೆ. ನೆ ಮತ್ತು ರೆ ಕಾಂಜಿಗಳ ಎಡಭಾಗ ನಿಜವಾಗಿಯೂ ಒಂದೇ, ದೇವರು ಪೂಜೆಗೆ ಸಂಬಂಧಪಟ್ಟ ಅಂಗ. ವ ಕಾಂಜಿಯ ಎಡಭಾಗ ಧಾನ್ಯದ ತೆನೆ. ತೆನೆಯೂ ಪೂಜೆಯೂ ಬೇರೆಯೇ ಆದರೂ ವೇಗವಾಗಿ ಬರೆದಾಗ ಎರಡೂ ಒಂದೇ ಗೀಚು ಆದವು. ಹಾಗಾಗಿ ಎಡಗಡೆ ನೋಡುವುದನ್ನೇ ಬಿಡಿ. ಕೊನೆ ಮಾತ್ರ ನೋಡಿ. ಸುರುಳಿ ಸುತ್ತಿ ಮುಗಿದರೆ ನೆ. ಹೊರಗೆ ಬಲಕ್ಕೆ ಚಿಮ್ಮಿದರೆ ರೆ. ಒಳಗೆ ಎಡಕ್ಕೆ ಬಾಗಿ ನಿಂತರೆ ವ.

ಇದಕ್ಕೆ ಜಪಾನಿಯಲ್ಲೇ ಚಂದದ ಮೂರು ಪದ ಸಿಗುತ್ತವೆ: ಅನೆ ಅಂದರೆ ಅಕ್ಕ, ಅರೆ ಅಂದರೆ ಅದು, ಅವ ಅಂದರೆ ನೊರೆ. ಇನ್ನೂ ಬೇಕಾ? ಕಾನೆ ಅಂದರೆ ದುಡ್ಡು, ಕಾರೆ ಅಂದರೆ ಅವನು, ಕಾವ ಅಂದರೆ ಹೊಳೆ. ಆರನ್ನೂ ಕಲಸಿ ಚೀಟಿ ಮಾಡಿ, ಒಂದೊಂದೇ ತೆಗೆದು ಗಟ್ಟಿಯಾಗಿ ಓದಿ. ಬಾಲ ತಪ್ಪಿದರೆ ದುಡ್ಡು ಹೊಳೆ ಪಾಲು.

ರು ಮತ್ತು ರೊ ಒಂದೇ ಏಟಿಗೆ ಬರೆಯುವ ಅಕ್ಷರಗಳು. ಕೊನೆಯಲ್ಲಿ ಸುರುಳಿ ಇದ್ದರೆ ರು, ಇಲ್ಲದಿದ್ದರೆ ರೊ. ರು ಕಾಂಜಿಯ ತಳದಲ್ಲಿ ಒಂದು ಗದ್ದೆ ಇದೆ, ನಾಲ್ಕು ಮಡಿ ಮಾಡಿದ ಚೌಕದ ಥರ. ಸುರುಳಿ ಆ ಗದ್ದೆಯ ಪಳೆಯುಳಿಕೆ. ಕುರುಮ (ಗಾಡಿ), ಕುರೊ (ಕಪ್ಪು) ಬರೆದು ನೋಡಿ.

ಹೆಜ್ಜೆ 5: ಎಡಗೋಡೆಯವರು, ಹ, ಹೊ, ಕೆ, ನಿ

ಹಿರಗಾನದ ಈ ನಾಲ್ಕಕ್ಕೂ ಎಡಗಡೆ ಒಂದು ನಿಂತ ಗೆರೆ ಇದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದು. ಹ ಕಾಂಜಿಯಲ್ಲಿ ಆ ಜಾಗದಲ್ಲಿದ್ದದ್ದು ನೀರು. ಹೊ ಮತ್ತು ನಿ ಕಾಂಜಿಗಳಲ್ಲಿ ಮನುಷ್ಯ. ಕೆ ಕಾಂಜಿಯಲ್ಲಿ ಮಾತು. ನೀರು, ಮನುಷ್ಯ, ಮಾತು ಮೂರೂ ಕುಂಚದ ಓಟದಲ್ಲಿ ಸವೆದು ಒಂದೇ ಗೆರೆಯಾಗಿ ನಿಂತಿವೆ.

ಬೇರೆ ಮಾಡುವುದು ಸುಲಭ. ಬಲಗಡೆ ಎರಡು ಮಲಗಿದ ಗೆರೆ ಮಾತ್ರ ಇದ್ದರೆ ನಿ. ಅಡ್ಡಗೆರೆ ಒಂದು, ಅದನ್ನು ಸೀಳಿ ಇಳಿಯುವ ಗೆರೆಗೆ ಸುರುಳಿ ಇಲ್ಲದಿದ್ದರೆ ಕೆ, ಸುರುಳಿ ಇದ್ದರೆ ಹ. ಅಡ್ಡಗೆರೆ ಎರಡಿದ್ದರೆ ಹೊ. ಹೊ ಬರೆಯುವಾಗ ನಿಂತ ಗೆರೆ ಮೇಲಿನ ಅಡ್ಡಗೆರೆಯನ್ನು ದಾಟಿ ತಲೆ ಎತ್ತಬಾರದು, ಅಲ್ಲಿಂದಲೇ ಶುರುವಾಗಬೇಕು. ತಲೆ ಎತ್ತಿದ್ದರೆ, ಎಡಗೋಡೆಯೂ ಇಲ್ಲದಿದ್ದರೆ, ಅದು ಮ.

ಹೆಜ್ಜೆ 6: ಕತಕಾನದ ತೆರೆದ ಬಾಗಿಲು, ಫು ಮತ್ತು ಅದರ ಮೇಲೆ ಕಟ್ಟಿದವರು

ಫು ಒಂದೇ ಗೆರೆ: ಅಡ್ಡ ಹೋಗಿ, ಮುರಿದು, ಎಡಕ್ಕೆ ಇಳಿಯುತ್ತದೆ. ಇದನ್ನು ಅಡಿಪಾಯ ಮಾಡಿಕೊಳ್ಳಿ. ಎಡತುದಿಗೆ ಪುಟ್ಟ ನಿಂತ ಗೆರೆ ಸೇರಿಸಿದರೆ ವ. ವ ನೆತ್ತಿಯ ಮೇಲೆ ಜುಟ್ಟು ಇಟ್ಟರೆ ಉ. ಫು ಮೇಲೆ ಬಿಡಿಯಾಗಿ ಇನ್ನೊಂದು ಅಡ್ಡಗೆರೆ ಇಟ್ಟರೆ ರ. ಎಡಗಡೆ ನಿಂತ ಗೆರೆಯ ಬದಲು ಓರೆ ಗೆರೆ ಬಂದು, ಅದರಿಂದಲೇ ಮಾಡು ಶುರುವಾದರೆ ಕು. ಫು ಗೆರೆಯ ಮಧ್ಯದಿಂದ ಬಲಕ್ಕೆ ಒಂದು ಕಾಲು ಇಳಿದರೆ ಸು, ಅದೇ ಕಾಲು ಗೆರೆಯನ್ನು ಸೀಳಿಕೊಂಡು ಹೋದರೆ ನು.

ಇವು ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಉ ಬಂದಿದ್ದು ಒಂದು ಕಾಂಜಿಯ ಮಾಡಿನಿಂದ, ವ ಬಂದಿದ್ದು ಇನ್ನೊಂದರ ಬಲಗಡೆಯ ಬಾಯಿ ಚೌಕದಿಂದ. ಎಲ್ಲ ಬೇರೆ ಊರಿನವರು, ಒಂದೇ ಸಂತೆಯ ಅಂಗಿ ತೊಟ್ಟಿದ್ದಾರೆ. ಫುರನ್‌ಸು (ಫ್ರಾನ್ಸ್), ಕುರಸು (ಕ್ಲಾಸು), ವೈನ್ ಬರೆಯಿರಿ.

ಉಳಿದವು ಬೇಗ ಬೇಗ. ಕತಕಾನದಲ್ಲಿ ಅ ಎರಡನೇ ಗೆರೆ ಎಡಕ್ಕೆ ಇಳಿಯುತ್ತದೆ, ಮ ಎರಡನೇ ಗೆರೆ ಪುಟ್ಟದು, ಬಲಕ್ಕೆ ಬೀಳುತ್ತದೆ. ಚಿ ಕಾಲು ಅಡ್ಡಗೆರೆಯನ್ನು ಸೀಳುತ್ತದೆ, ತೆ ಕಾಲು ಅಡ್ಡಗೆರೆಯ ಕೆಳಗಿನಿಂದ ಶುರು. ಕೊ ತಳದ ಗೆರೆ ಮೂಲೆಯಲ್ಲೇ ನಿಲ್ಲುತ್ತದೆ, ಯು ತಳದ ಗೆರೆ ಆಚೆ ಚಾಚುತ್ತದೆ. ಹಿರಗಾನದಲ್ಲಿ ಇ ಎಡಗೆರೆ ಉದ್ದ, ರಿ ಬಲಗೆರೆ ಉದ್ದ. ಸ ಹೊಟ್ಟೆ ಎಡಕ್ಕೆ, ಚಿ ಹೊಟ್ಟೆ ಬಲಕ್ಕೆ, ಇಂಗ್ಲಿಷಿನ ಐದು ಅಂಕಿಯ ಥರ.

ಹೆಜ್ಜೆ 7: ಅಕ್ಷರ ಒಂದೇ ಆದಾಗ

ಕೆಲವು ಕಡೆ ಎಷ್ಟು ದಿಟ್ಟಿಸಿದರೂ ಪ್ರಯೋಜನವಿಲ್ಲ. ಕತಕಾನದ ಕ ಮತ್ತು ಶಕ್ತಿ ಅನ್ನುವ ಕಾಂಜಿ, ಕತಕಾನದ ತ ಮತ್ತು ಸಂಜೆ ಅನ್ನುವ ಕಾಂಜಿ, ರೊ ಮತ್ತು ಬಾಯಿ, ನಿ ಮತ್ತು ಎರಡು, ಹ ಮತ್ತು ಎಂಟು. ಇವು ಹೋಲುತ್ತವೆ ಅನ್ನುವುದಕ್ಕಿಂತ ಒಂದೇ ಅನ್ನಬೇಕು. ಕ ಅನ್ನುವ ಕತಕಾನವನ್ನು ಕಿತ್ತ ಕಾಂಜಿಯ ಎಡಭಾಗವೇ ಆ ಶಕ್ತಿ. ತ ಕಾಂಜಿಯಲ್ಲಿ ಎರಡು ಸಂಜೆ ಒಂದರ ಮೇಲೊಂದಿದ್ದವು, ಒಂದನ್ನು ಇಟ್ಟುಕೊಂಡರು. ಅಕ್ಕಪಕ್ಕದವರನ್ನು ನೋಡಿಯೇ ಇಲ್ಲಿ ಓದಬೇಕು: ಸುತ್ತ ಕತಕಾನ ಇದ್ದರೆ ಕತಕಾನ, ಸುತ್ತ ಕಾಂಜಿ ಹಿರಗಾನ ಇದ್ದರೆ ಕಾಂಜಿ. ಹಿರಗಾನದ ಹೆ ಮತ್ತು ಕತಕಾನದ ಹೆ ಕೂಡ ಹೀಗೇ, ಅವನ್ನು ಬೇರೆ ಮಾಡಲು ಹೋಗಿ ಸಮಯ ಕಳೆಯಬೇಡಿ.

ಹೆಜ್ಜೆ 8: ಅಭ್ಯಾಸದ ಕ್ರಮ

ಪಟ್ಟಿಯ ಕ್ರಮ ನಿಮಗೆ ಮೊದಲೇ ಗೊತ್ತು. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಹಳೇ ಪರಿಚಯ ಅನ್ನಿಸುತ್ತಿದೆಯಾ? ಸಂಸ್ಕೃತ ಮಂತ್ರಗಳ ಉಚ್ಚಾರಣೆ ಕಲಿಯಲು ಸಿದ್ಧಂ ಅನ್ನುವ ಹಳೇ ಭಾರತೀಯ ಲಿಪಿ ಓದುತ್ತಿದ್ದ ಬೌದ್ಧ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿಗೆ ಹೋಯಿತು. ಹ ಸಾಲಿನ ಧ್ವನಿ ಹಿಂದೆ ಪ ಆಗಿತ್ತು, ಅದಕ್ಕೇ ಅದು ನ ಮತ್ತು ಮ ಮಧ್ಯೆ, ನಮ್ಮ ಪ ವರ್ಗದ ಜಾಗದಲ್ಲಿ ಕೂತಿದೆ. ಕನ್ನಡದವರಿಗೆ ಪಟ್ಟಿ ಬಾಯಿಪಾಠ ಅರ್ಧ ಗಂಟೆ ಕೆಲಸ.

ಅಪಾಯವೂ ಅಲ್ಲೇ ಇದೆ. ಪಟ್ಟಿ ಪ್ರಕಾರ ಬರೆದರೆ ಶಿ ಸ ಸಾಲಿನಲ್ಲಿ, ತ್ಸು ತ ಸಾಲಿನಲ್ಲಿ, ನ್ ಎಲ್ಲರ ಕೊನೆಗೆ. ಕಳ್ಳರು ಯಾವತ್ತೂ ಎದುರುಬದುರು ಸಿಗುವುದಿಲ್ಲ. ಹಾಗಾಗಿ ಪಟ್ಟಿ ಬಾಯಿಗೆ ಬಂದ ಮೇಲೆ ಅದನ್ನು ಮುಚ್ಚಿಡಿ, ಮೇಲೆ ಹೇಳಿದ ಗುಂಪುಗಳ ಪ್ರಕಾರ ಬರೆಯಿರಿ. ದಿನಕ್ಕೊಂದು ಗುಂಪು, ಹದಿನೈದು ನಿಮಿಷ ಸಾಕು. ಬರೆದದ್ದನ್ನು ಅವತ್ತೇ ತಿದ್ದಬೇಡಿ. ಎರಡು ದಿನ ಬಿಟ್ಟು ನಿಮ್ಮದೇ ಕೈಬರಹ ಓದಿ. ಏನು ಬರೆದಿದ್ದೆ ಅನ್ನುವುದು ಅಷ್ಟು ಹೊತ್ತಿಗೆ ಮರೆತಿರುತ್ತದೆ, ಕಾಗದದ ಮೇಲಿನ ಗೆರೆಯನ್ನು ನಂಬಿಯೇ ಓದಬೇಕಾಗುತ್ತದೆ. ಎಲ್ಲಿ ತಡವರಿಸಿದಿರೋ ಆ ಗುಂಪಿಗೆ ಮತ್ತೆ ಹೋಗಿ.

ಕೊನೆಯ ಪರೀಕ್ಷೆಗೆ ಒಂದು ಪದ ಕೊಡುತ್ತೇನೆ: ಅಮಜೊನ್, ಆ ದೊಡ್ಡ ನದಿಯ ಹೆಸರು. ಕತಕಾನದಲ್ಲಿ ಬರೆದರೆ ನಾಲ್ಕೇ ಅಕ್ಷರ. ಅ, ಮ ಒಂದು ಜೋಡಿ. ಜೊ ಅಂದರೆ ಸೊ ಮೇಲೆ ಎರಡು ಗೀರು, ಅದರ ಪಕ್ಕದಲ್ಲೇ ನ್. ಎರಡು ಜೋಡಿ ಕಳ್ಳರೂ ಸಾಲಾಗಿ ನಿಂತಿದ್ದಾರೆ. ಬರೆದು, ಜಪಾನಿ ಬರುವ ಯಾರಿಗಾದರೂ ತೋರಿಸಿ, ಏನೂ ಹೇಳದೆ ಓದಿಸಿ. ನಾನು ಶಿವಮೊಗ್ಗವನ್ನು ಎರಡನೇ ಸಲ ಬರೆದುಕೊಟ್ಟಾಗ ಮೇಡಂ ಒಂದೇ ಉಸಿರಿಗೆ ಸರಿಯಾಗಿ ಓದಿದರು, ಆಮೇಲೆ ಪೆನ್ಸಿಲ್ ತೆಗೆದು ಗ ಮೇಲಿನ ಎರಡು ಗೀರು ಸ್ವಲ್ಪ ದೂರ ಹೋಗಿದೆ ಅಂತ ಅದಕ್ಕೊಂದು ಸುತ್ತು ಹಾಕಿದರು.